ಹೊಳೆಯಿಂದ ಎತ್ತಿದ ಹೊಗೆದೋಣಿ

ಮಾರ್ಚ್ 28, 2023, ಮಂಗಳವಾರ

ಸಿಕ್ಕಿತು. ನಲವತ್ತೊಂಬತ್ತು ವರ್ಷದ ಮೇಲೆ ಸಿಕ್ಕಿತು!

ಲೈಬ್ರರಿಯ ಬೀಗ ತೆಗೆದು ಪೇಪರು ಜೋಡಿಸುತ್ತಿದ್ದೆ. ಕಲ್ಲಡ್ಕದಲ್ಲಿ ಹೋಟೆಲು ಇಟ್ಟ ಉಜ್ವಲ್, ನಮ್ಮ ಯುವಕ ಮಂಡಲದ ಅಧ್ಯಕ್ಷ, ಬೈಕು ನಿಲ್ಲಿಸದೆಯೇ ಕೂಗಿದ. "ಸರಸ ಮೇಡಂ, ಹಳೇ ಧಕ್ಕೆಯ ಗುಂಡಿಯಲ್ಲಿ ದೋಣಿಯದ್ದೊಂದು ಮೂತಿ ಕಾಣ್ತಾ ಉಂಟು. ನಿಮ್ಮ ಅಪ್ಪನದ್ದಾ ನೋಡಿ!" ಪೇಪರು ಓದುತ್ತಿದ್ದ ನಾಲ್ಕು ಮಂದಿಯನ್ನು ಎಬ್ಬಿಸಿ ಹೊರಗೆ ಹಾಕಿದೆ. ಇಪ್ಪತ್ತೆಂಟು ವರ್ಷದಲ್ಲಿ ಹೊತ್ತಿಗೆ ಮೊದಲು ಬೀಗ ಹಾಕಿದ್ದು ಇವತ್ತೇ.

ಈ ವರ್ಷ ನೇತ್ರಾವತಿ ಇಳಿದ ಹಾಗೆ ಯಾವತ್ತೂ ಇಳಿಯಲಿಲ್ಲ. ಹಿಂದೆ ದೋಣಿಗಳು ನಿಲ್ಲುತ್ತಿದ್ದ ಆ ಧಕ್ಕೆಯ ಗುಂಡಿಯ ನಡುವೆ ಒಂದು ಗೇಣು ಕಪ್ಪು ಮರ ಎದ್ದು ನಿಂತಿತ್ತು. ತುದಿಯಲ್ಲಿ ತಾಮ್ರದ ತಗಡು, ತಗಡಿನಲ್ಲಿ ಶಂಖ. ಹಂಚಿನ ಕಂಪೆನಿಯ ಶಂಖ. ಅಲ್ಲೇ ಮರಳಿನ ಮೇಲೆ ಕೂತುಬಿಟ್ಟೆ.

ಅಪ್ಪ ಕಂಪೆನಿಯ ಆ ಹೊಗೆದೋಣಿಯ ಸ್ರಾಂಗು, ಅದನ್ನು ನಡೆಸುವವರು. ಎಪ್ಪತ್ತನಾಲ್ಕರ ನೆರೆಗೆ ದೋಣಿ ಹೋಯಿತು. "ಡೊಂಬಯ್ಯ ಕುಡಿದು ಹಗ್ಗ ಕಟ್ಟಲಿಲ್ಲ, ದೋಣಿ ಸಮುದ್ರಕ್ಕೆ ಹೋಯಿತು" ಎಂದು ಕಂಪೆನಿ ಅಪ್ಪನನ್ನು ಕೆಲಸದಿಂದ ತೆಗೆಯಿತು. ಅಪ್ಪ ಒಂದು ಮಾತು ಆಡಲಿಲ್ಲ. ಮತ್ತೆ ಹನ್ನೊಂದು ವರ್ಷ ಬದುಕಿ, ಕುಡುಕ ಡೊಂಬಯ್ಯ ಆಗಿಯೇ ಸತ್ತರು. ನಾನು ಶಾಲೆಯಲ್ಲಿ ಕುಡುಕನ ಮಗಳು. ನನ್ನನ್ನು ನೋಡಲು ಬಂದ ಮೂರು ಗಂಡುಗಳಿಗೂ ಸೇತುವೆಯ ತಲೆಯ ಚಾದಂಗಡಿಯಲ್ಲಿ ಈ ಕಥೆಯೇ ಸಿಕ್ಕಿತು. ನಾಲ್ಕನೆಯವನು ಬರಲೇ ಇಲ್ಲ.

ಈಗ ನೋಡಿ. ದೋಣಿ ಸಮುದ್ರಕ್ಕೆ ಹೋಗಲೇ ಇಲ್ಲ! ಕಟ್ಟಿದ ಜಾಗದಲ್ಲೇ ಉಂಟು. ಹಾಗಾದರೆ ಹಗ್ಗ ಕಟ್ಟಿತ್ತು ಎಂದಾಯಿತಲ್ಲ? ಯಾವುದೋ ಮರ ಬಂದು ಹೊಡೆದು ಅಡಿ ತೂತಾಗಿ ಮುಳುಗಿರಬೇಕು. ಎತ್ತಿಸ್ತೇನೆ. ತೂತನ್ನು ಊರಿಗೆ ತೋರಿಸಿ ಒಬ್ಬೊಬ್ಬರ ಬಾಯಿ ಮುಚ್ಚಿಸ್ತೇನೆ.

ಮಾರ್ಚ್ 30, ಗುರುವಾರ

ಉಜ್ವಲನಿಗೆ ಉತ್ಸಾಹವೋ ಉತ್ಸಾಹ. ದೋಣಿಯನ್ನು ಎತ್ತಿ ಸೇತುವೆಯ ಬದಿಯಲ್ಲಿ ಇಡುವುದಂತೆ, ಕಲ್ಲಿನ ಫಲಕ ಹಾಕುವುದಂತೆ, ದೊಡ್ಡವರೊಬ್ಬರನ್ನು ಕರೆಸಿ ಅನಾವರಣ ಮಾಡಿಸುವುದಂತೆ. "ಇತಿಹಾಸ ನೀವು ಬರೆಯಿರಿ ಮೇಡಂ. ನಾವು ಬರೆದರೆ ಹತ್ತು ಗೆರೆಯಲ್ಲಿ ಇಪ್ಪತ್ತು ತಪ್ಪು" ಎಂದ. ಅದೊಂದು ಮಾತು ಸತ್ಯ.

ಬರೆದೆ. ಕಟ್ಟಿದ್ದು 1931ರಲ್ಲಿ, ಈ ಧಕ್ಕೆಯಲ್ಲೇ. ಉದ್ದ ಮೂವತ್ತೆರಡು ಅಡಿ. ಬೆನ್ನುಮರಕ್ಕೆ ಬೋಗಿ ಮರ, ಹಲಗೆಗೆ ಹೆಬ್ಬಲಸು. ಆವಿಯ ಎಂಜಿನು ಹಡಗಿನಲ್ಲಿ ಬಂದದ್ದು. ಅದನ್ನು ಕೂರಿಸಲು ಆಚಾರಿಗಳಿಗೆ ಗೊತ್ತಾಗದೆ ಒಂದು ಮಳೆಗಾಲ ಇಡೀ ಗೋಣಿ ಮುಚ್ಚಿ ಇಟ್ಟಿದ್ದರಂತೆ. ಕೆಲಸ ಏನೆಂದರೆ ಎಳೆಯುವುದು. ಆವೆಮಣ್ಣು ತುಂಬಿದ ಆರು ದೋಣಿಗಳನ್ನು ಹಿಂದೆ ಕಟ್ಟಿಕೊಂಡು ಮಂಗಳೂರಿನ ಕಾರ್ಖಾನೆಗೆ, ಬರುವಾಗ ಉಪ್ಪು, ಒಣಮೀನು, ಸೀಮೆಎಣ್ಣೆ. ಹೊಳೆ ತುಂಬಿದ ದಿನಗಳಲ್ಲಿ ಸೇತುವೆಯ ಅಡಿಯಲ್ಲಿ ದಾಟಲು ಹೊಗೆಕೊಳವೆಯನ್ನು ಬಿಜಾಗರಿಯ ಮೇಲೆ ಮಡಚಬೇಕು. ಅಷ್ಟು ಹೊತ್ತು ಹೊಗೆಯೆಲ್ಲ ಸ್ರಾಂಗಿನ ಮುಖಕ್ಕೆ. ಅಪ್ಪ ಮಂಗಳೂರಿನಿಂದ ಬಂದರೆ ಹಲ್ಲು ಮಾತ್ರ ಬೆಳ್ಳಗೆ.

ಅಪ್ಪ ಐವತ್ತೆರಡರಲ್ಲಿ ಸೇರಿದ್ದು. ಬೆಂಕಿ ನೋಡುವವರು ಮೊಯಿದಿನಬ್ಬ ಬ್ಯಾರಿ. ಅರವತ್ತೆಂಟರಿಂದ ಲಾರಿಗಳು ಬಂದವು, ಆವೆಮಣ್ಣು ರಸ್ತೆಯ ಮೇಲೆ ಹೋಗತೊಡಗಿತು. ಎಪ್ಪತ್ತನಾಲ್ಕರ ಎಪ್ರಿಲಿನಲ್ಲಿ ಬಾಯ್ಲರು, ಎಂಜಿನು ಬಿಚ್ಚಿ ಗುಜರಿಗೆ ಕೊಟ್ಟರು. ಜುಲೈಯಲ್ಲಿ ನೆರೆ.

"ನಂತರ ಏನಾಯಿತು" ಎನ್ನುವ ಗೆರೆಯನ್ನು ಖಾಲಿ ಬಿಟ್ಟಿದ್ದೇನೆ. ಎತ್ತಿದ ಮೇಲೆ ತುಂಬುವ.

ಮೊಯಿದಿನಬ್ಬನ ಹೆಸರು ಬರೆಯುವಾಗ ಕೈ ತಡೆಯಿತು. ಅಪ್ಪನ ಜೊತೆ ಇಪ್ಪತ್ತು ವರ್ಷ ಒಂದೇ ಬುತ್ತಿಯಲ್ಲಿ ಉಂಡ ಮನುಷ್ಯ. "ಡೊಂಬಯ್ಯ ಕುಡಿದಿರಲಿಲ್ಲ" ಎಂದು ಕಂಪೆನಿಯ ಮುಂದೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅವನಿಗೆ ಕಾರ್ಖಾನೆಯಲ್ಲಿ ಕೆಲಸ ಉಳಿಯಿತು. ಅಮ್ಮ ಸಾಯುವವರೆಗೆ ಆ ಮನೆಯವರ ನೆರಳು ನಮ್ಮ ಅಂಗಳಕ್ಕೆ ಬೀಳಲು ಬಿಡಲಿಲ್ಲ, ನಾನೂ ಬಿಡಲಿಲ್ಲ. ಅವನ ಮಗ ಉಂಟು, ಮರಳಿನ ದೋಣಿಯಲ್ಲಿ ದುಡಿದು ಮುದುಕನಾದವನು. ಎದುರು ಸಿಕ್ಕಿದರೆ ನಾನು ರಸ್ತೆ ದಾಟ್ತೇನೆ.

ಎಪ್ರಿಲ್ 2, ಆದಿತ್ಯವಾರ

ಎತ್ತಿದೆವು. ಮೈಯೆಲ್ಲ ನೋವು, ಆದರೂ ಬರೆಯದೆ ಮಲಗಲು ಮನಸ್ಸಿಲ್ಲ.

ನಿನ್ನೆಯಿಂದ ಮಂಡಲದ ಹತ್ತು ಮಂದಿ ನೀರಿಗಿಳಿದು ಒಳಗಿನ ಕಲ್ಲು ತೆಗೆದರು. ಎಷ್ಟು ಕಲ್ಲು! ಪಕ್ಕೆಮರಗಳ ನಡುವೆ ಸಾಲಾಗಿ, ದೊಡ್ಡದು ಅಡಿಗೆ, ಸಣ್ಣದು ಮೇಲೆ. "ನೆರೆ ಎಷ್ಟು ಚಂದ ಕಟ್ಟಿದೆ ನೋಡಿ ಮೇಡಂ, ನಮ್ಮ ಮೇಸ್ತ್ರಿಗೆ ಬರುವುದಿಲ್ಲ" ಎಂದು ಉಜ್ವಲ್ ನಗಾಡಿದ. ನಾನೂ ನಗಾಡಿದೆ. ಹೊತ್ತು ಹೋಗ್ತದೆ, ಬೇಗ ಮಾಡಿ ಎಂದು ಅವಸರ ಮಾಡಿದವಳೇ ನಾನು.

ಕ್ರೇನು ಬಂದು ಬೆಲ್ಟು ಹಾಕುವಾಗ ಜನ ಸರಿಸಿಕೊಂಡು ಆ ಮನುಷ್ಯ ಬಂದ. ಮೊಯಿದಿನಬ್ಬನ ಮಗ, ಅಬ್ದುಲ್ ಶುಕೂರ್. ನನ್ನ ಹತ್ತಿರ ಮಾತಾಡದೆ ಐವತ್ತು ವರ್ಷ ಆಗುತ್ತಾ ಬಂತು, ಸೀದಾ ಬಂದು, "ಸರಸಕ್ಕ, ಎತ್ತುವುದು ಬೇಡ. ಎತ್ತಿದರೆ ಮರ ಹೋಗ್ತದೆ. ಸ್ವಲ್ಪ ನನ್ನ ಮಾತು ಕೇಳಿ, ಬದಿಗೆ ಬನ್ನಿ, ಹೇಳ್ತೇನೆ" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. "ಹೇಳಬೇಕಾದ ಹೊತ್ತಿಗೆ ನಿಮ್ಮ ಅಪ್ಪ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಈಗ ಸತ್ಯ ಮೇಲೆ ಬರ್ತದೆ ಅಂತ ಹೆದರಿಕೆಯಾ? ದಾರಿ ಬಿಡಿ" ಎಂದೆ. ಎಲ್ಲರ ಎದುರು, ಕೂಗಿ. ಅವನು ತಲೆ ಅಡಿಗೆ ಹಾಕಿ ಹೋದ. ನನಗೆ ತುಂಬ ಸಮಾಧಾನ ಆಯಿತು, ಇದನ್ನೂ ಬರೆದಿಡ್ತೇನೆ. ಅಷ್ಟು ವರ್ಷದಿಂದ ಗಂಟಲಲ್ಲಿ ಇದ್ದ ಮಾತು.

ದೋಣಿ ನೀರು ಸುರಿಸುತ್ತಾ ಮೇಲೆ ಬಂತು. ಏನು ಹೇಳಲಿ! ಒಂದು ಹಲಗೆ ಕೂಡ ಬಿಟ್ಟಿಲ್ಲ. ಮೈ ಕರ್ರಗೆ, ಉಗುರಿನಿಂದ ಬಡಿದರೆ ಠಣ್ ಎನ್ನುತ್ತದೆ. ಸೇತುವೆಯ ಬದಿಯ ಬಯಲಿನಲ್ಲಿ ಕೆಂಪುಕಲ್ಲಿನ ಎರಡು ಕಟ್ಟೆ ಕಟ್ಟಿ ಕೂರಿಸಿದ್ದಾರೆ. ಮೇಲೆ ತಗಡು ಹಾಕುವ ಎಂದೆ. "ಬೇಡ ಮೇಡಂ, ಮೊದಲು ಬಿಸಿಲಿಗೆ ಚೆನ್ನಾಗಿ ಒಣಗಲಿ, ಮತ್ತೆ ಪಾಲಿಶು ಹೊಡೆಯುವ" ಎಂದ ಉಜ್ವಲ್. ಅದೂ ಸರಿಯೇ.

ಕತ್ತಲಾಗುತ್ತಾ ಬಂತು, ಅಡಿ ನೋಡಲಾಗಲಿಲ್ಲ. ತೂತು ನಾಳೆ ಹುಡುಕುವ.

ಎಪ್ರಿಲ್ 3, ಸೋಮವಾರ

ತೂತು ಇಲ್ಲ.

ಬೆಳಿಗ್ಗೆ ಎಲ್ಲರ ಜೊತೆ ಅಡಿಗೆ ನುಗ್ಗಿ ಹಲಗೆ ಹಲಗೆ ತಡವಿದೆ. ಒಡೆದದ್ದು, ಜಜ್ಜಿದ್ದು, ಯಾವುದೂ ಇಲ್ಲ. ಇದ್ದದ್ದು ಒಂದೇ, ದೋಣಿ ತೊಳೆದ ನೀರು ಹೋಗಲು ಆಚಾರಿಯೇ ಇಟ್ಟ ಕಿಂಡಿ. ಅದರ ಮರದ ಬೂಚು ತೆಗೆದು, ಪಕ್ಕದ ಪಕ್ಕೆಮರಕ್ಕೆ ತಾಮ್ರದ ತಂತಿಯಿಂದ ಕಟ್ಟಿ ಇಟ್ಟಿದ್ದಾರೆ. ಒಳಗಿನಿಂದ. ಕಳೆದುಹೋಗಬಾರದು ಎಂದು ಜಾಗ್ರತೆಯಲ್ಲಿ, ಎರಡು ಸುತ್ತು.

ಆ ಗಂಟು ನನಗೆ ಗೊತ್ತುಂಟು. ನನ್ನ ಶಾಲೆಯ ಬುತ್ತಿಯ ಮುಚ್ಚಳಕ್ಕೆ ಅಪ್ಪ ಹಾಕುತ್ತಿದ್ದ ಗಂಟು.

ಮಾಯಿಲಪ್ಪಣ್ಣ ಊರುಗೋಲು ಊರಿಕೊಂಡು ಬಂದು ನೋಡಿದ. ಕಂಪೆನಿಯಲ್ಲಿ ತೂಕದ ಗುಮಾಸ್ತ ಆಗಿದ್ದವನು, ಎಂಬತ್ತನಾಲ್ಕು ಆಯಿತು, ನಾಲಗೆಗೆ ಮಾತ್ರ ಇಪ್ಪತ್ತು. "ಓಹೋ! ಕುಡಿದು ಕಳೆದದ್ದಲ್ಲ ಹಾಗಾದರೆ. ಬೂಚು ತೆಗೆದು, ಕಲ್ಲು ತುಂಬಿಸಿ, ಬೇಕಂತಲೇ ಮುಳುಗಿಸಿದ್ದು. ಕಂಪೆನಿಯ ಮಾಲು ಮಾರಾಯ್ರೆ, ಆಮೇಲೆ ಮೆಲ್ಲ ಮಾರುವ ಉಪಾಯ!" ಎಂದ. ಅವನಿಗೆ ಅಷ್ಟು ಸಾಕು. ಮಧ್ಯಾಹ್ನಕ್ಕೆ ಚಾದಂಗಡಿಯಿಂದ ಮೆಲ್ಕಾರಿನವರೆಗೆ ಸುದ್ದಿ.

ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದೆ. ಕುಡುಕ ಎನ್ನುತ್ತಿದ್ದರು, ಈಗ ಕಳ್ಳ. ನಾನೇ ಕ್ರೇನು ತರಿಸಿ, ಊರನ್ನು ಕೂಡಿಸಿ ತೋರಿಸಿದೆ. ಅಪ್ಪ, ಹೀಗೆ ಯಾಕೆ ಮಾಡಿದಿರಿ?

ಎಪ್ರಿಲ್ 6, ಗುರುವಾರ

ಲೈಬ್ರರಿಗೆ ರಜೆ ಹಾಕಿದೆ. ಏನೂ ಬೇಡ.

ಎಪ್ರಿಲ್ 15, ಶನಿವಾರ

ಬಿಸು, ನಮ್ಮ ಹೊಸ ವರ್ಷ. ಹಣ್ಣು, ಕನ್ನಡಿ ಜೋಡಿಸಿ ಕಣಿ ಇಡಲಿಲ್ಲ. ಯಾರಿಗೆ ಇಡುವುದು?

ಚುನಾವಣೆಯ ನೀತಿಸಂಹಿತೆ ಬಂದ ಕಾರಣ ಅನಾವರಣ ಮುಂದೆ ಹೋಗಿದೆ. ಮೇ ಕಳೆಯದೆ ಇಲ್ಲ. ಒಳ್ಳೆಯದೇ ಆಯಿತು.

ಸಂಜೆ ಆ ಬದಿಯಿಂದ ಬರುವಾಗ ದೋಣಿಯಿಂದ ಟಿಕ್ ಎಂದು ಶಬ್ದ ಕೇಳಿತು. ನಿಂತೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಹತ್ತಿರ ಹೋಗಿ ನೋಡಿದರೆ ಎರಡು ಹಲಗೆಗಳ ನಡುವೆ ಹತ್ತು ರೂಪಾಯಿಯ ನಾಣ್ಯ ತೂರುವಷ್ಟು ಬಿರುಕು. ಕಪ್ಪು ಬಣ್ಣ ಹೋಗಿ ಮರ ಬೂದಿಯ ಹಾಗೆ ಆಗಿದೆ. ಉಜ್ವಲನಿಗೆ ಫೋನು ಮಾಡಿದೆ. "ಮರ ಅಂದ ಮೇಲೆ ಸ್ವಲ್ಪ ಬಿಡ್ತದೆ ಮೇಡಂ, ಎಂ-ಸೀಲು ಹಾಕುವ" ಎಂದ.

ಹಾಕಲಿ. ನನಗೇನು.

ಎಪ್ರಿಲ್ 27, ಗುರುವಾರ

ಇವತ್ತಿನದ್ದನ್ನು ಕ್ರಮದಲ್ಲಿ ಬರೆಯಬೇಕು.

ಜುಲೈಕಾ ಪ್ರತಿ ಗುರುವಾರ ವಾರಪತ್ರಿಕೆಗೆ ಬರುವವಳು, ಶುಕೂರನ ಮಗಳು. ಅವಳು ಲೈಬ್ರರಿಯ ಮೆಂಬರು, ಹಾಗಾಗಿ ಪುಸ್ತಕ ಕೊಡ್ತೇನೆ, ಅದರಾಚೆ ಮಾತಿಲ್ಲ. ಇವತ್ತು ಪತ್ರಿಕೆ ತೆಗೆಯಲಿಲ್ಲ. "ಮೇಡಂ, ಬಾಪ ಊಟ ಸರಿ ಮಾಡ್ತಿಲ್ಲ. ದಿನಾ ಹೋಗಿ ಆ ದೋಣಿಯನ್ನು ನೋಡಿ ಬಂದು ಕೂತುಕೊಳ್ತಾರೆ. ನಿಮ್ಮ ಹತ್ತಿರ ಏನೋ ಹೇಳ್ಲಿಕ್ಕೆ ಉಂಟಂತೆ. ನೀವು ಬೈದರೂ ಅಡ್ಡಿಲ್ಲ, ಒಮ್ಮೆ ಬನ್ನಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಹೋದೆ. ಹುಟ್ಟಿದ ಮೇಲೆ ಮೊದಲ ಸಲ ಆ ಮನೆಯ ಮೆಟ್ಟಿಲು ಹತ್ತಿದ್ದು.

ಶುಕೂರ್ ಚಾವಡಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಎಪ್ಪತ್ತೊಂದರ ಪ್ರಾಯದವ ನನಗೆ ಎದ್ದು ನಿಂತ.

"ಸರಸಕ್ಕ, ಕೊನೆಯವರೆಗೆ ಕೇಳಿ" ಎಂದ. "ಬಾಯ್ಲರು ಹೋದ ಮೇಲೆ ಕಂಪೆನಿ ದೋಣಿಯ ಮರವನ್ನೂ ಲೆಕ್ಕ ಹಾಕಿತ್ತು. ಮಳೆಗಾಲ ಕಳೆದ ಮೇಲೆ ಒಡೆದು, ಹಂಚು ಸುಡುವ ಗೂಡಿಗೆ ಹಾಕುವುದಂತ ಆರ್ಡರು ಬಂತು. ನಿಮ್ಮ ಅಪ್ಪ ಎರಡು ದಿನ ಅನ್ನ ಮುಟ್ಟಲಿಲ್ಲ. ಮತ್ತೆ ನೆರೆ ಬಂತು. ಊರೆಲ್ಲ ಅಕ್ಕಿಮುಡಿ ಹೊತ್ತು ಗುಡ್ಡ ಹತ್ತುವಾಗ ನಾವು ಮೂವರು ಧಕ್ಕೆಯಲ್ಲಿ, ನಿಮ್ಮ ಅಪ್ಪ, ನನ್ನ ಬಾಪ, ನಾನು. ಹಗಲಿಡೀ ಕಲ್ಲು ಹೊತ್ತೆವು. ಬೂಚು ತೆಗೆದದ್ದು ನಿಮ್ಮ ಅಪ್ಪ. ದೋಣಿ ಅಡಿಗೆ ಹೋಗುವಾಗ ಅದರ ಮೂತಿ ಹಿಡಿದುಕೊಂಡೇ ಇದ್ದರು, ಬಾಪ ಎಳೆದು ಬಿಡಿಸಬೇಕಾಯಿತು."

ನಾನು ಕೇಳಿದೆ, ಹಾಗಾದರೆ ಹೇಳಲಿಲ್ಲ ಯಾಕೆ?

"ಹೇಳಿದರೆ ಎತ್ತಿ ಸುಡುವುದಿಲ್ಲವಾ? ದೋಣಿಗೆ ಒಳ್ಳೆಯ ಯಜಮಾನ ಸಿಕ್ಕುವವರೆಗೆ ಬಾಯಿ ಬಿಡುವುದಿಲ್ಲ ಅಂತ ಬಾಪನ ಕೈಯಿಂದ ಭಾಷೆ ತೆಗೆದುಕೊಂಡಿದ್ದರು. ನಾನು ಕುಡಿದಿದ್ದೆ ಅಂತಲೇ ಊರು ಹೇಳಲಿ, ಅದು ಸುಲಭ ಅಂದರು. ನಿಮ್ಮ ಅಪ್ಪ ಸ್ರಾಂಗು ಆದ ಮೇಲೆ ಒಂದು ತೊಟ್ಟು ಮುಟ್ಟಿದ ಜನ ಅಲ್ಲ ಸರಸಕ್ಕ. ಪ್ರತಿ ಮೇ ತಿಂಗಳು ಗುಂಡಿಗೆ ಮುಳುಗಿ ದೋಣಿಯನ್ನು ತಡವಿ ನೋಡಿ ಬರ್ತಿದ್ದರು."

ನನಗೆ ನೆನಪುಂಟು. ತಲೆಯಿಂದ ನೀರು ಇಳಿಯುತ್ತಾ ಮನೆಗೆ ಬರುತ್ತಿದ್ದರು. ಕುಡಿದು ಹೊಳೆಗೆ ಬಿದ್ದರು ಎಂದು ಅಮ್ಮ ಅಳುತ್ತಿದ್ದಳು. ನಾನು ಟವೆಲು ಕೊಡದೆ ಒಳಗೆ ಹೋಗುತ್ತಿದ್ದೆ. ಅಯ್ಯೋ ದೇವರೇ, ನಾನು ಟವೆಲು ಕೂಡ ಕೊಡಲಿಲ್ಲ.

"ನಿಮ್ಮ ಅಪ್ಪ ಹೋದ ಮೇಲೆ ಬಾಪ ಮೂರು ಸಲ ನಿಮ್ಮ ಮನೆಗೆ ಬಂದರು. ನಿಮ್ಮ ಅಮ್ಮ ಅಂಗಳ ಹತ್ತಲಿಕ್ಕೆ ಬಿಡಲಿಲ್ಲ. ಕಂಪೆನಿ ಮುಚ್ಚಿದ ಮೇಲೆ ನಾನು ಬಂದೆ. ನೀವು ಬಾಗಿಲು ಹಾಕಿದಿರಿ" ಎಂದ. ಬೈಯುವ ಸ್ವರ ಅಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕಡವಿನ ದೋಣಿಗೆ ಕೆಲಸ ಇಲ್ಲದಾಗ ಕಲ್ಲು ತುಂಬಿಸಿ ಮುಳುಗಿಸಿ ಇಡುವುದು ಹೊಳೆಬದಿಯ ಸಣ್ಣ ಮಕ್ಕಳಿಗೂ ಗೊತ್ತು. ನೀರಿನಲ್ಲಿದ್ದರೆ ಮರ ಉಳಿಯುತ್ತದೆ, ದಡದಲ್ಲಿದ್ದರೆ ಬಿಸಿಲಿಗೆ ಸೀಳುತ್ತದೆ. ನನಗೂ ಗೊತ್ತಿತ್ತು. ಕಲ್ಲಿನ ಸಾಲು ನೋಡಿದೆ, ಬೂಚು ನೋಡಿದೆ, ಗಂಟು ನೋಡಿದೆ. ಆದರೂ ಹೊಳೆಯಲಿಲ್ಲ. ಅಪ್ಪನನ್ನು ನಿರ್ದೋಷಿ ಮಾಡುವ ಅವಸರ ನನಗೆ. ಅಪ್ಪ ಇಟ್ಟದ್ದನ್ನು ಎತ್ತಿ ಬಿಸಿಲಿಗೆ ಹಾಕಿದೆ. ಇವತ್ತಿಗೆ ಇಪ್ಪತ್ತೈದು ದಿನ.

ಜುಲೈಕಾ ಚಾ ಕೊಟ್ಟಳು. ಕುಡಿದೆ.

ಎಪ್ರಿಲ್ 28, ಶುಕ್ರವಾರ

ಬೆಳಿಗ್ಗೆ ಬಸ್ಸು ಹಿಡಿದು ಕಲ್ಲಡ್ಕಕ್ಕೆ ಹೋಗಿ ಉಜ್ವಲನನ್ನು ಗಲ್ಲಾದಲ್ಲೇ ಹಿಡಿದೆ. ಎಲ್ಲ ಹೇಳಿದೆ. "ಇವತ್ತೇ ಕ್ರೇನು ತರಿಸು, ಪುನಃ ಮುಳುಗಿಸುವ."

ಅವನು ತಲೆ ಕೆರೆದುಕೊಂಡ. "ಎಲ್ಲಿ ಮುಳುಗಿಸುವುದು ಮೇಡಂ? ಹೊಳೆ ನೋಡಿದ್ದೀರಾ?"

ನೋಡಿರಲಿಲ್ಲ. ದೋಣಿಯನ್ನೇ ನೋಡುತ್ತಿದ್ದೆ. ಮಧ್ಯಾಹ್ನ ಶುಕೂರನ ಜೊತೆ ಇಳಿದು ನೋಡಿದರೆ ಗುಂಡಿಯಲ್ಲಿ ಮೊಣಕಾಲು ನೀರು, ಅದರಲ್ಲಿ ಎಮ್ಮೆ ಮಲಗಿದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಶುಕೂರ್ ಕೋಲು ಚುಚ್ಚಿ ಚುಚ್ಚಿ ಒಂದು ಮೈಲು ನಡೆದ. ಮೂವತ್ತೆರಡು ಅಡಿಯ ದೋಣಿ ಮುಳುಗುವ ನೀರು ಎಲ್ಲಿಯೂ ಸಿಕ್ಕಲಿಲ್ಲ. ಮಳೆ ಬರಬೇಕು.

ಮಳೆಗೆ ಇನ್ನೂ ಒಂದೂವರೆ ತಿಂಗಳು.

ಮೇ 5, ಶುಕ್ರವಾರ

ಪುತ್ತಿಗೆಗೆ ಹೋಗಿ ಬಂದೆ. ಮೂಡಬಿದ್ರೆಯಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ಎರಡು ಮೈಲು ನಡೆದು ಶೀನಪ್ಪ ಆಚಾರಿಯ ಮನೆ ಹುಡುಕಿದೆ. ಹಳೇ ಬಸದಿಗಳ ಮರದ ಕೆಲಸ ರಿಪೇರಿ ಮಾಡುವ ಜನ. ಬೆಳ್ತಂಗಡಿಯ ಕಡೆಯಿಂದಲೂ ಇವರನ್ನೇ ಕರೆಸುತ್ತಾರಂತೆ.

"ಎಷ್ಟು ವರ್ಷ ನೀರಲ್ಲಿ ಇತ್ತು ಅಕ್ಕ?"

"ನಲವತ್ತೊಂಬತ್ತು."

"ಬಿಸಿಲಲ್ಲಿ?"

"ಮೂವತ್ತಮೂರು ದಿನ."

ಉಳಿ ಕೆಳಗೆ ಇಟ್ಟರು. "ಹಸಿಮರ ಒಣಗಿದರೆ ಬೇರೆ. ಇದು ಹಾಗಲ್ಲ. ಒಳಗಿನ ಸತ್ವ ಯಾವತ್ತೋ ಹೋಗಿ ನೀರೇ ಅದನ್ನು ನಿಲ್ಲಿಸಿದ್ದು. ನೀರು ಹೋದ ಮೇಲೆ ಅದು ಮರ ಅಲ್ಲ. ಗೋಣಿ ಹಾಕಿ ನೆನೆಸಿ ನೋಡಿ, ಮನಸ್ಸಿಗೆ ಸಮಾಧಾನಕ್ಕೆ" ಎಂದರು. ಸುಳ್ಳು ಹೇಳಿ ಕಳಿಸಬಹುದಿತ್ತು. ಊಟ ಮಾಡಿಸಿ ಕಳಿಸಿದರು.

ಮೇ 18, ಗುರುವಾರ

ಬೆಳಿಗ್ಗೆ ಮೂವತ್ತು ಕೊಡಪಾನ, ಸಂಜೆ ಮೂವತ್ತು. ನಾನು, ಜುಲೈಕಾ, ಮತ್ತೆ ಶುಕೂರಾಕ; ಅಣ್ಣ ಎಂದ ಹಾಗೆ, ಈಗ ನಾನು ಹಾಗೆಯೇ ಕರೆಯುವುದು. ಅಕ್ಕಿಯ ಗೋಣಿಗಳನ್ನು ನೆನೆಸಿ ದೋಣಿಯ ಮೈಗೆ ಹೊದಿಸಿದ್ದೇವೆ. ಮಧ್ಯಾಹ್ನ ಹನ್ನೆರಡಕ್ಕೆ ಗೋಣಿ ಹಪ್ಪಳ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಆದರೂ ಬಿಡಲು ಮನಸ್ಸು ಬರುವುದಿಲ್ಲ. ಉಜ್ವಲ್ ಹಾಕಿದ ಎಂ-ಸೀಲು ಉದುರಿ ಬಿದ್ದಿದೆ, ಬಿರುಕಿನಲ್ಲಿ ನನ್ನ ಬೆರಳು ಹೋಗ್ತದೆ.

ದಾರಿಯಲ್ಲಿ ಹೋಗುವವರು ನಿಂತು ನೋಡ್ತಾರೆ. ಏನೋ ಹೇಳಿಯೂ ಹೇಳ್ತಾರೆ. ಕೊಡಪಾನ ಹಿಡಿದಾಗ ಕಿವಿ ಆ ಕಡೆ ಹೋಗುವುದಿಲ್ಲ.

ಶುಕೂರಾಕನಿಗೆ ಬೆನ್ನುನೋವು. ನೀವು ಕೂತುಕೊಳ್ಳಿ ಎಂದರೆ ಕೇಳುವುದಿಲ್ಲ. ಇವತ್ತು ಮಧ್ಯಾಹ್ನ ಅವರ ಮನೆಯಲ್ಲೇ ಊಟ, ಗಂಜಿ ಮತ್ತು ಸೌತೆಕಾಯಿ ಪಲ್ಯ. ಅಪ್ಪ ಎಷ್ಟು ಜೋರಾಗಿ ಸೀಟಿ ಹೊಡೆಯುತ್ತಿದ್ದರು ಎಂದು ಹೇಳಿದರು. ಅಪ್ಪ ಸೀಟಿ ಹೊಡೆಯುವುದನ್ನು ನಾನು ಕೇಳಿಯೇ ಇಲ್ಲ.

ಮೇ 30, ಮಂಗಳವಾರ

ಇವತ್ತೂ ಮಳೆ ಇಲ್ಲ. ಮೋಡ ಬಂತು, ಹೋಯಿತು.

ಜೂನ್ 13, ಮಂಗಳವಾರ

ಶನಿವಾರದಿಂದ ಮಳೆ. ಗುಂಡಿಯಲ್ಲಿ ಎರಡು ಆಳು ನೀರಾಗಿದೆ.

ಮಳೆ ಬಂದರೆ ಕ್ರೇನು ತರ್ತೇನೆ ಎಂದಿದ್ದ ಉಜ್ವಲ್ ಮಾತು ಉಳಿಸಿಕೊಂಡ. ಮಂಡಲದವರು ಬೇಡ ಎಂದರೂ ಬೆಳಿಗ್ಗೆ ಕ್ರೇನು ತಂದ. "ನಿಮಗೋಸ್ಕರ ಅಲ್ಲ ಮೇಡಂ, ಅವತ್ತು ಶುಕೂರಾಕ ಬೇಡ ಅಂದದ್ದನ್ನು ಕೇಳದೆ ಎತ್ತಿದ ತಪ್ಪು ನಂದೂ ಉಂಟು" ಎಂದ. ಅವನನ್ನು ನಾನು ಇಷ್ಟು ದಿನ ಬರೀ ಬಾಯಿಯವ ಎಂದುಕೊಂಡಿದ್ದೆ.

ಮಳೆಯಲ್ಲೇ ಬೆಲ್ಟು ಹಾಕಿದರು. ಶುಕೂರಾಕ ಅಡಿಯಲ್ಲಿ ಬಗ್ಗಿ ನೋಡಿ, "ಮೆಲ್ಲ, ಮೆಲ್ಲ" ಎನ್ನುತ್ತಿದ್ದರು. ನಾನು ಕಲ್ಲುಗಳನ್ನು ಧಕ್ಕೆಯ ಬದಿಗೆ ರಾಶಿ ಹಾಕಿಸಿದ್ದೆ, ಸಾಲಾಗಿ ಇಡಲು. ದೋಣಿ ಕಟ್ಟೆಯಿಂದ ಒಂದು ಮೊಳ ಮೇಲೆದ್ದಿತು. ನಿಂತಿತು. ಒಂದು ಕ್ಷಣ ಹಾಗೆಯೇ ನಿಂತಿತ್ತು, ಆಗುತ್ತದೆ ಎಂದು ನಾನು ಅಂದುಕೊಂಡೆ. ನಿಜವಾಗಿ ಅಂದುಕೊಂಡೆ.

ಮತ್ತೆ ಬೆಲ್ಟು ಹಲಗೆಯೊಳಗೆ ಇಳಿಯಿತು. ದೊಡ್ಡ ಶಬ್ದ ಕೂಡ ಇಲ್ಲ, ರಸ್ಕು ಮುರಿದಷ್ಟೇ. ಮೂತಿ ಕಳಚಿ ಬಿತ್ತು, ಹಿಂದಿನಿಂದ ಹಲಗೆಗಳು ಒಂದೊಂದಾಗಿ, ಪಕ್ಕೆಮರಗಳು. ಎರಡು ನಿಮಿಷಕ್ಕೆ ಬೆಲ್ಟಿನಲ್ಲಿ ಏನೂ ಇರಲಿಲ್ಲ. ಕ್ರೇನಿನವನು, "ಈಗ ಏನು ಮಾಡುವುದು?" ಎಂದು ಕೇಳಿದ.

ಶುಕೂರಾಕ ಕೆಸರಿನಲ್ಲಿ ಕೂತು ಅತ್ತರು. ನನಗೆ ಅಳು ಬರಲಿಲ್ಲ. ಅವರ ಪಕ್ಕದಲ್ಲಿ ಕೂತುಕೊಂಡೆ, ಜುಲೈಕಾ ಇಬ್ಬರಿಗೂ ಒಂದೇ ಕೊಡೆ ಹಿಡಿದಳು. ಕ್ಷಮಿಸಿ ಎಂದೆ. "ನನ್ನ ಹತ್ತಿರ ಯಾಕೆ ಹೇಳ್ತೀರಿ" ಎಂದರು. ಹೌದಲ್ಲ, ಯಾರ ಹತ್ತಿರ ಹೇಳುವುದು?

ಜೂನ್ 16, ಶುಕ್ರವಾರ

ಉಜ್ವಲ್ ಲೈಬ್ರರಿಗೆ ಬಂದಿದ್ದ. ಫಲಕದ ಕಲ್ಲು ಬಂದಾಗಿದೆ, ಅಕ್ಷರ ಕೆತ್ತುವುದು ಬಾಕಿ. "ದೋಣಿ ಇಲ್ಲದಿದ್ದರೂ ಕಲ್ಲಾದರೂ ಇರಲಿ ಮೇಡಂ. ಎಪ್ಪತ್ತನಾಲ್ಕರ ನೆರೆಯಲ್ಲಿ ನಾಶವಾಯಿತು ಅಂತ ಬರೆಯುವ. ನಿಮ್ಮ ಅಪ್ಪನ ಮೇಲೂ ಇಲ್ಲ, ನಿಮ್ಮ ಮೇಲೂ ಇಲ್ಲ, ನಮ್ಮ ಮೇಲೂ ಇಲ್ಲ" ಎಂದ. ಪಾಪ, ಒಳ್ಳೆಯದಕ್ಕೇ ಹೇಳಿದ್ದು.

ಮಾರ್ಚಿನಲ್ಲಿ ಖಾಲಿ ಬಿಟ್ಟ ಗೆರೆಯನ್ನು ತುಂಬಿಸಿ ಅವನ ಕೈಗೆ ಕೊಟ್ಟೆ. ಡೊಂಬಯ್ಯ ಮತ್ತು ಮೊಯಿದಿನಬ್ಬ ಸೇರಿ ಇದನ್ನು ಮುಳುಗಿಸಿ ನಲವತ್ತೊಂಬತ್ತು ವರ್ಷ ಉಳಿಸಿದರು, ಡೊಂಬಯ್ಯನ ಮಗಳು ಸರಸ ಎತ್ತಿಸಿ ಎಪ್ಪತ್ತೆರಡು ದಿನದಲ್ಲಿ ಹಾಳು ಮಾಡಿದಳು. ಅವನು ಓದಿ ಮಡಚಿ ಕಿಸೆಗೆ ಹಾಕಿಕೊಂಡ. "ಇದನ್ನೆಲ್ಲ ಕಲ್ಲಿನಲ್ಲಿ ಹೇಗೆ ಹಾಕುವುದು ಮೇಡಂ?" ಎಂದ. ಹಾಕುವುದಿಲ್ಲ ಎಂದು ನನಗೆ ಗೊತ್ತಾಯಿತು.

ಹಾಗಾಗಿ ಸಂಜೆ ಚಾದಂಗಡಿಗೆ ಹೋದೆ. ಐವತ್ತೇಳು ವರ್ಷದಲ್ಲಿ ಆ ಅಂಗಡಿಯ ಒಳಗೆ ಕಾಲು ಇಟ್ಟವಳಲ್ಲ. ಒಂಬತ್ತು ಮಂದಿ ಇದ್ದರು, ನಡುವೆ ಮಾಯಿಲಪ್ಪಣ್ಣ. ನಿಂತುಕೊಂಡೇ ಹೇಳಿದೆ, ಕಲ್ಲು ಹೊತ್ತದ್ದು, ಗೂಡಿಗೆ ಹಾಕುವ ಆರ್ಡರು, ಮೊಯಿದಿನಬ್ಬನ ಭಾಷೆ, ಶುಕೂರಾಕನನ್ನು ನಾನು ಓಡಿಸಿದ್ದು, ಬಿಸಿಲು, ಎಲ್ಲ. ಯಾರೂ ನಗಾಡಲಿಲ್ಲ.

"ಗೂಡಿಗೆ ಹಾಕುವ ಆರ್ಡರು ಹೌದು" ಎಂದ ಮಾಯಿಲಪ್ಪಣ್ಣ ಕೊನೆಗೆ. "ಅದನ್ನು ಬರೆದದ್ದೇ ನಾನು. ಮರೆತಿದ್ದೆ ಮಾರಾಯ್ತಿ." ಮತ್ತೆ ಅಂಗಡಿಯವನಿಗೆ, "ಸರಸನಿಗೊಂದು ಚಾ ಕೊಡು" ಎಂದ.

ಜೂನ್ 26, ಸೋಮವಾರ

ಹತ್ತು ದಿನದಿಂದ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಹೊಳೆ ತುಂಬಿ ಕೆಂಪಾಗಿದೆ. ಬಯಲಿನಲ್ಲಿ ಬಿದ್ದ ಹಲಗೆಗಳನ್ನು ಯಾರೋ ಒಲೆಗೆ ಕೊಂಡುಹೋಗಿದ್ದಾರೆ, ಒಂದು ಚೂರೂ ಬಿಟ್ಟಿಲ್ಲ. ಯಾರೆಂದು ಕೇಳಲಿಲ್ಲ. ಶುಕೂರಾಕನಿಗೆ ಜ್ವರ, ಮಧ್ಯಾಹ್ನ ಗಂಜಿ ಕೊಟ್ಟು ಬಂದೆ.

ಇವತ್ತು ಪೇಪರು ಓದುವವರು ನನಗೆ ಕೇಳದ ಹಾಗೆ ಮಾತಾಡುತ್ತಿದ್ದರು. ಲೈಬ್ರರಿಯಲ್ಲಿ ಪಿಸುಮಾತು ಎಷ್ಟು ದೂರ ಕೇಳಿಸುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಮಾಯಿಲಪ್ಪಣ್ಣ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾನಂತೆ. ಡೊಂಬಯ್ಯನಂಥ ಗಟ್ಟಿಗ ಈ ಹೊಳೆಬದಿಯಲ್ಲಿ ಹುಟ್ಟಲಿಲ್ಲ, ಒಂದು ತೊಟ್ಟು ಕುಡಿಯದೆ ಕುಡುಕ ಅಂತ ಹೇಳಿಸಿಕೊಂಡು ದೋಣಿ ಉಳಿಸಿದ; ಮಗಳು ಅಷ್ಟು ಓದಿಯೂ ದಡ್ಡಿ, ಅಪ್ಪ ಇಟ್ಟದ್ದನ್ನು ಎತ್ತಿ ಹಾಳು ಮಾಡಿದಳು.

ಊರು ಇಷ್ಟು ವರ್ಷದಲ್ಲಿ ಮೊದಲ ಸಲ ಸರಿಯಾಗಿ ಹೇಳಿದೆ.